ಎರಡು ಯುದ್ಧಗಳ ದೀಪಾವಳಿ

ನಮ್ಮ ಮನೆಯ ರೇಡಿಯೋ ಇದ್ದದ್ದು ಅಡುಗೆಮನೆಯಲ್ಲಿ, ಫ್ರಿಜ್ಜಿನ ತಲೆಯ ಮೇಲೆ. ಅದರ ಪಕ್ಕದಲ್ಲೇ ಅವ್ವನ ದೇವರು. ಗೋಡೆಗೆ ಮೊಳೆ ಹೊಡೆಯಕೂಡದೆಂದು ಮನೆಯ ಮಾಲೀಕ ಮೊದಲ ದಿನವೇ ಹೇಳಿದ್ದರಿಂದ, ಹುಬ್ಬಳ್ಳಿಯಿಂದ ಸೀರೆಗಳ ನಡುವೆ ಸುತ್ತಿ ತಂದ ಲಕ್ಷ್ಮಿಯ ಪಟ, ಹಿತ್ತಾಳೆಯ ಬಾಲಕೃಷ್ಣ, ಒಂದು ಪುಟ್ಟ ನೀಲಾಂಜನ ಎಲ್ಲವೂ ಅಲ್ಲೇ ನೆಲೆಗೊಂಡಿದ್ದವು. ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ ಸ್ಟೂಲು ಹತ್ತಿ ಹೂವೇರಿಸುವ ಹೊತ್ತಿಗೆ ಸರಿಯಾಗಿ ಅಪ್ಪ ಸುದ್ದಿಗೆಂದು ರೇಡಿಯೋ ಹಚ್ಚುತ್ತಿದ್ದರು. ದೇವರ ಪಕ್ಕದಲ್ಲಿ ಆ ಗಂಡಸಿನ ಗಂಟಲು ಬೇಡವೆಂದು ಅವ್ವ ದಿನವೂ ಗೊಣಗುತ್ತಿದ್ದಳು, ಅಪ್ಪ ದಿನವೂ ಸ್ವಲ್ಪ ಸದ್ದು ತಗ್ಗಿಸುತ್ತಿದ್ದರು. ಡೆಟ್ರಾಯಿಟ್ ನಗರ ನಾಲ್ಕೂ ಕಡೆಯಿಂದ ಸುತ್ತುವರಿದಿರುವ ಹ್ಯಾಮ್‌ಟ್ರಾಮಿಕ್ ಎಂಬ ಸಣ್ಣ ಊರಿನಲ್ಲಿ, ಮರದ ಎರಡಂತಸ್ತಿನ ಮನೆಯ ಮೇಲಿನ ಭಾಗ ನಮ್ಮದು. ಮುಂದಿನ ಕೋಣೆಯಲ್ಲಿ ಅಪ್ಪ ಅವ್ವನ ಮಂಚ, ನಡುವಿನದರಲ್ಲಿ ನನ್ನದು. ಹಿಂದಿನ ಅಡುಗೆಮನೆಯಿಂದ ಕಡಿದಾದ ಒಂದು ಮೆಟ್ಟಿಲಸಾಲು ಕೆಳಗಿನ ಮನೆಯ ಹಿಂಬಾಗಿಲನ್ನು ಹಾದು ನೆಲಮಾಳಿಗೆಗೆ ಇಳಿಯುತ್ತಿತ್ತು. ಅಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ದೊಡ್ಡ ಫರ್ನೇಸ್, ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ, ಹಳೆಯ ಪೆಟ್ಟಿಗೆಗಳು. ಬೀದಿಯ ತುಂಬ ಪೋಲೆಂಡಿನವರು. ಅವರ ಇಗರ್ಜಿಯ ಗಂಟೆಯೂ ಅವರ ಮನೆಗಳಲ್ಲಿ ಬೇಯುವ ಎಲೆಕೋಸಿನ ವಾಸನೆಯೂ ನಮ್ಮ ಕಿಟಕಿಯವರೆಗೆ ಬರುತ್ತಿದ್ದವು.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಎರಕದ ಕೆಲಸ ಕಲಿಯಲು ಅಮೆರಿಕಕ್ಕೆ ಬಂದು, ಇಲ್ಲಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಉಳಿದುಕೊಂಡರು. ಆಮೇಲೆ ನಮ್ಮಿಬ್ಬರನ್ನು ಕರೆಸಿಕೊಂಡರು. ನಾನು ಆಗ ಎಂಟು ವರ್ಷದ ಹುಡುಗಿ. ಅವ್ವನಿಗೆ ಇಲ್ಲಿ ಒಬ್ಬಳೇ ಒಬ್ಬ ಗೆಳತಿ, ಕೆಳಗಿನ ಮನೆಯ ಮಿಸೆಸ್ ಲಿನ್. ಗಂಡ ಹೆಂಡತಿ ಇಬ್ಬರೂ ಚೀನಾ ಬಿಟ್ಟು ಹಾಂಗ್‌ಕಾಂಗ್ ಮೂಲಕ ಬಂದವರು. ಅವಳ ತಾಯಿ ಮಾತ್ರ ಅಲ್ಲೇ ಯಾವುದೋ ಹಳ್ಳಿಯಲ್ಲಿದ್ದಳು, ವರ್ಷಗಳಿಂದ ಸುದ್ದಿಯಿಲ್ಲ. ಮಿಸ್ಟರ್ ಲಿನ್ ನಕ್ಷೆ ಬರೆಯುವ ಕೆಲಸಕ್ಕಾಗಿ ಆಗಾಗ ಪಿಟ್ಸ್‌ಬರ್ಗಿಗೆ ಹೋಗುತ್ತಿದ್ದ. ಹಾಗೆ ಹೋದಾಗ ಅವಳು ತನ್ನ ಒಂದು ವರ್ಷದ ಗಂಡುಮಗುವನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿನಿಂದ ಮೇಲೆ ಬರುತ್ತಿದ್ದಳು. ಅವಳ ಇಂಗ್ಲಿಷನ್ನೂ ಅವ್ವನ ಇಂಗ್ಲಿಷನ್ನೂ ಕೂಡಿಸಿದರೆ ಒಂದು ಇಡೀ ವಾಕ್ಯ ಆಗುತ್ತಿರಲಿಲ್ಲ. ಆದರೂ ಅಕ್ಕಿ, ಹಸಿಶುಂಠಿ, ಹೆಸರುಕಾಳು ಡೆಟ್ರಾಯಿಟಿನ ಚೀನೀ ಅಂಗಡಿಯಲ್ಲಿ ಸಿಗುತ್ತವೆಂದು ಕೈಹಿಡಿದು ಕರೆದೊಯ್ದು ತೋರಿಸಿದವಳು ಅವಳೇ. ಅವ್ವ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದನ್ನು ಅವಳಿಗೆ ಕಲಿಸಿದಳು. ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ತಂತಮ್ಮ ಭಾಷೆಯಲ್ಲಿ ಮಾತಾಡಿಕೊಂಡು ನಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ.

1962ರ ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಅವ್ವ ಸ್ಟೂಲಿನ ಮೇಲೆ ನಿಂತು ದೀಪ ಹಚ್ಚುತ್ತಿದ್ದಳು. ರೇಡಿಯೋ ಏನೇನೋ ಹೇಳುತ್ತಿತ್ತು. ಒಮ್ಮೆಲೇ ಅವಳ ಕೈ ನಿಂತಿತು. ಅಷ್ಟು ದಿನಗಳಲ್ಲಿ ಆ ರೇಡಿಯೋದ ಬಾಯಿಂದ ಇಂಡಿಯಾ ಎಂಬ ಮಾತನ್ನು ಅವಳು ಕೇಳಿಯೇ ಇರಲಿಲ್ಲ.

“ಇಂಡಿಯಾ ಅಂದ್ನಲ್ರಿ ಅಂವ. ಏನಂದ?”

“ಗಡಿಯಲ್ಲಿ ಏನೋ ಗಲಾಟೆ,” ಎಂದರು ಅಪ್ಪ. “ಚೀನಾದವರು ಒಳಗೆ ನುಗ್ಗಿದಾರಂತೆ.”

“ವಾಸು ಇರೋ ಕಡೆ ಏನು?”

ಅಪ್ಪ, ಆ ಗುಡ್ಡಗಳು ಬಹಳ ದೊಡ್ಡವು, ಅವನು ಎಲ್ಲಿದ್ದಾನೋ ಯಾರಿಗೆ ಗೊತ್ತು ಎಂದರು. ವಾಸು ಮಾಮಾ ಅವ್ವನ ತಮ್ಮ. ಅಜ್ಜಿ ತೀರಿಕೊಂಡಾಗ ಅವನು ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವ್ವನೇ ಉಣಿಸಿ, ಬಡಿದು, ಶಾಲೆಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅವನು ಸೈನ್ಯ ಸೇರಿ ವೈರ್‌ಲೆಸ್ ಕೆಲಸ ಕಲಿತಿದ್ದ. ಈಶಾನ್ಯದ ಗುಡ್ಡಗಳಿಗೆ ವರ್ಗವಾಗಿದೆ, ಇಲ್ಲಿ ಹಲ್ಲು ಕಡಿಯುವಂಥ ಚಳಿ ಎಂದು ಬೇಸಿಗೆಯಲ್ಲಿ ಬರೆದಿದ್ದ. ಅಪ್ಪ ಪತ್ರಿಕೆಯನ್ನೆಲ್ಲ ಬಿಡಿಸಿ ಹುಡುಕಿದರು. ಹೆಚ್ಚೇನೂ ಸಿಗಲಿಲ್ಲ. ಅವ್ವ ಸ್ಟೂಲಿನಿಂದ ಇಳಿಯಲೇ ಇಲ್ಲ. ದೀಪದ ಬತ್ತಿಯನ್ನು ಸುಮ್ಮನೆ ಮುಂದೆ ಹಿಂದೆ ಮಾಡುತ್ತ ನಿಂತಿದ್ದಳು. ಅಂದು ಮಧ್ಯಾಹ್ನ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಮಗು ಕೇಕೆ ಹಾಕುವುದೂ ಕೇಳಿಸಿತು. ನಾನು ಓಡಿದೆ. ಅವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

“ತೆಗೀಬ್ಯಾಡ.”

ಇನ್ನೊಮ್ಮೆ ತಟ್ಟಿದ ಸದ್ದು. ಆಮೇಲೆ ಹೆಜ್ಜೆಗಳು ನಿಧಾನವಾಗಿ ಕೆಳಗಿಳಿದವು. ಅಪ್ಪ ಸಂಜೆ ವಿಷಯ ತಿಳಿದು, ಆ ಹೆಂಗಸು ಏನು ಮಾಡಿದಳು, ಅವರೇ ಆ ಸರ್ಕಾರಕ್ಕೆ ಹೆದರಿ ಓಡಿ ಬಂದವರು ಎಂದು ತಿಳಿಹೇಳಿದರು. ಅವ್ವ ಪಾತ್ರೆ ತೊಳೆಯುತ್ತಲೇ, ಇರಬಹುದು, ಆದರೆ ಅವಳ ಮುಖ ನೋಡಿದರೆ ನನಗೆ ಆ ಗುಡ್ಡ ಕಾಣುತ್ತದೆ ಎಂದಳು.

ಸೋಮವಾರ ಸಂಜೆ ಅಮೆರಿಕದ ಅಧ್ಯಕ್ಷರು ಟಿವಿಯಲ್ಲಿ ಮಾತಾಡುತ್ತಾರೆಂದು ಊರೆಲ್ಲ ಸುದ್ದಿಯಾಯಿತು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ, ಲಿನ್ ದಂಪತಿಯ ಮನೆಯಲ್ಲಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಕೆಳಗೆ ಹೋದರು. ಅವ್ವ ಬರಲಿಲ್ಲ. ಮಿಸೆಸ್ ಲಿನ್ ನಮ್ಮ ಹಿಂದೆ ಬಾಗಿಲ ಕಡೆ ಒಮ್ಮೆ ನೋಡಿ, ಏನೂ ಕೇಳದೆ ನನಗೆ ಬಿಸ್ಕತ್ತಿನ ತಟ್ಟೆ ಕೊಟ್ಟಳು. ಅಧ್ಯಕ್ಷರ ಮಾತು ನನಗೆ ಅರ್ಥವಾದದ್ದು ಅಷ್ಟಕ್ಕಷ್ಟೇ: ಕ್ಯೂಬಾ ಎಂಬ ದ್ವೀಪದಲ್ಲಿ ರಷ್ಯಾದವರು ಕ್ಷಿಪಣಿ ತಂದಿಟ್ಟಿದ್ದಾರೆ, ಅವು ಇಲ್ಲಿಯತನಕ ಬರಬಲ್ಲವು, ಸಮುದ್ರದಲ್ಲಿ ಹಡಗುಗಳನ್ನು ತಡೆಯುತ್ತೇವೆ. ಆದರೆ ಅಪ್ಪನ ಕೈ ನನ್ನ ಭುಜದ ಮೇಲಿತ್ತು, ಅದು ಮೆಲ್ಲಗೆ ಬಿಗಿಯಾಗುತ್ತ ಹೋದದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಮಾತು ಮುಗಿದ ಮೇಲೆ ಯಾರೂ ಟಿವಿ ಆರಿಸಲಿಲ್ಲ. ಮಿಸ್ಟರ್ ಲಿನ್ ನಾಳೆ ತಾನು ಪಿಟ್ಸ್‌ಬರ್ಗಿಗೆ ಹೋಗಲೇಬೇಕು, ಹೆಂಡತಿ ಮಗು ಇಬ್ಬರೇ ಇರುತ್ತಾರೆ ಎಂದು ಅಪ್ಪನಿಗೆ ಹೇಳಿದ. ನಾವಿದ್ದೇವಲ್ಲ ಎಂದರು ಅಪ್ಪ. ಮೇಲೆ ಬಂದಾಗ ಅವ್ವ ಮೆಟ್ಟಿಲ ತುದಿಯಲ್ಲೇ ಕಾಯುತ್ತಿದ್ದಳು.

“ನಮ್ಮ ಯುದ್ಧದ ಬಗ್ಗೆ ಏನಂದ್ರು?”

“ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ ಕಣೆ. ಇದು ಬೇರೆ. ಇದಾದ್ರೆ ಯಾರೂ ಉಳಿಯಲ್ಲ.”

ಅವ್ವನಿಗೆ ಅದು ಹಿಡಿಸಲಿಲ್ಲ. ಅಲ್ಲಿ ನಿಜವಾಗಿ ಗುಂಡು ಹಾರುತ್ತಿರುವಾಗ, ಇನ್ನೂ ಹಾರದ ಬಾಂಬಿಗೆ ಇವರೆಲ್ಲ ಇಷ್ಟು ಹೆದರುವುದು ಅವಳಿಗೆ ದೊಡ್ಡಸ್ತಿಕೆಯಂತೆ ಕಂಡಿತು. ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಹೆದರಿಕೆಗಳು ಒಟ್ಟಿಗೆ ವಾಸಮಾಡತೊಡಗಿದವು. ಅಪ್ಪ ಒಂದರಲ್ಲಿ, ಅವ್ವ ಇನ್ನೊಂದರಲ್ಲಿ. ನನಗೆ ಎರಡೂ.

ಶಾಲೆಯಲ್ಲಿ ಟೀಚರು ನಮ್ಮೆಲ್ಲರ ಕೊರಳಿಗೆ ಹೆಸರು ಕೊರೆದ ಸಣ್ಣ ತಗಡುಗಳನ್ನು ಹಾಕಿದರು. ಯಾಕೆ ಎಂದು ಯಾರೋ ಕೇಳಿದಾಗ, ಕಳೆದುಹೋದರೆ ಗುರುತು ಹಿಡಿಯಲು ಎಂದರು. ಪಕ್ಕದ ಡೆಸ್ಕಿನ ಹುಡುಗಿ ನನ್ನ ಕಿವಿಯಲ್ಲಿ, ಸುಟ್ಟುಹೋದರೆ ಎಂದಳು. ಗಂಟೆ ಹೊಡೆದ ಕೂಡಲೇ ಡೆಸ್ಕಿನ ಕೆಳಗೆ ಮುದುಡಿ, ಎರಡೂ ಕೈಗಳನ್ನು ಕುತ್ತಿಗೆಯ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಬೇಕಿತ್ತು. ನೆಲದ ಮೇಣದ ವಾಸನೆ, ನನ್ನದೇ ಉಸಿರಿನ ಬಿಸಿ. ಮೊದಲ ಬಾಂಬು ಡೆಟ್ರಾಯಿಟಿಗೇ, ಯಾಕೆಂದರೆ ಕಾರಿನ ಕಾರ್ಖಾನೆಗಳೆಲ್ಲ ಒಂದೇ ವಾರದಲ್ಲಿ ಟ್ಯಾಂಕಿನ ಕಾರ್ಖಾನೆಗಳಾಗಬಲ್ಲವು ಎಂದು ದೊಡ್ಡ ತರಗತಿಯ ಹುಡುಗರು ಆಟದ ಬಯಲಲ್ಲಿ ಅಧಿಕಾರವಾಣಿಯಿಂದ ಹೇಳುತ್ತಿದ್ದರು. ಮನೆಗೆ ಬಂದು ನಾನು ಅವ್ವನಿಗೆ ತಗಡು ತೋರಿಸಲಿಲ್ಲ. ಅಂಗಿಯೊಳಗೆ ಬಿಟ್ಟುಕೊಂಡೆ. ಅದು ಎದೆಗೆ ತಣ್ಣಗೆ ತಾಗುತ್ತಿತ್ತು.

ಬುಧವಾರ ಅಪ್ಪ ಮಧ್ಯಾಹ್ನವೇ ಮನೆಗೆ ಬಂದರು. ಕೆಲವು ದಿನ ರಜೆ ಕೊಟ್ಟಿದ್ದಾರೆ ಎಂದರು. ನಡೆದದ್ದು ಬೇರೆ, ಅದನ್ನು ಅವರು ಬಹಳ ವರ್ಷಗಳಾದ ಮೇಲೆ ಹೇಳಿದರು. ಕಾರ್ಖಾನೆಯ ಗೇಟಿನಲ್ಲಿದ್ದ ಹೊಸ ಕಾವಲುಗಾರ ಅವರನ್ನು ತಡೆದು, ನೀನು ಕ್ಯೂಬಾದವನೇ ಎಂದು ಕೇಳಿದ. ಅಲ್ಲ ಎಂದರೂ ಪಕ್ಕಕ್ಕೆ ನಿಲ್ಲಿಸಿದ. ಕೆಲಸಕ್ಕೆ ಬರುತ್ತಿದ್ದವರೆಲ್ಲ ಅವರನ್ನು ನೋಡುತ್ತ ಒಳಗೆ ಹೋದರು. ಮೇಲಧಿಕಾರಿ ಬಂದು ಬಿಡಿಸಿದನೇನೋ ಸರಿ, ಆದರೆ ಇದೆಲ್ಲ ತಣ್ಣಗಾಗುವವರೆಗೆ ಮನೆಯಲ್ಲೇ ಇರುವುದು ಒಳ್ಳೆಯದು ಎಂದ. ಅಂದು ಸಂಜೆ ಅಪ್ಪ ಅಂಗಡಿಗೆ ಹೋದರು. ಜನ ಡಬ್ಬಿ ಡಬ್ಬಿ ಸಾಮಾನು ಹೊತ್ತೊಯ್ದು ಕಪಾಟುಗಳೆಲ್ಲ ಖಾಲಿಯಾಗಿದ್ದವಂತೆ. ಉಳಿದದ್ದು ಹಂದಿಮಾಂಸ ಬೆರೆಸಿದ ಬೀನ್ಸ್ ಕಾಳಿನ ಡಬ್ಬಿಗಳು ಮಾತ್ರ. ಅವನ್ನೇ ಒಂದು ಚೀಲ ತಂದಿದ್ದರು. ಅವ್ವ ಡಬ್ಬಿಯ ಮೇಲಿನ ಚಿತ್ರ ನೋಡಿ, ಇದನ್ನು ತಿಂದು ಬದುಕುವುದಕ್ಕಿಂತ ಸಾಯುವುದೇ ಲೇಸು ಎಂದು ಚೀಲವನ್ನು ಬಾಗಿಲಾಚೆ ಇಟ್ಟಳು. ಅಪ್ಪ ಅದನ್ನು ಮತ್ತೆ ಒಳಗೆ ತಂದರು. ಅವರಿಬ್ಬರೂ ಅಷ್ಟು ತಗ್ಗಿದ ದನಿಯಲ್ಲಿ ಜಗಳಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಹಾಲು ಕುಡಿಯುತ್ತಿದ್ದೆ. ಅವ್ವ ಅಕ್ಕಿ ತೊಳೆಯುತ್ತಿದ್ದಳು. ಬಚ್ಚಲಿನ ಬಾಗಿಲು ತೆರೆದು ಅಪ್ಪ ಹೊರಗೆ ಬಂದರು. ಅವರಿಗೆ ಮೀಸೆ ಇರಲಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಮೀಸೆ. ಅದು ಹೋದ ಮೇಲೆ ತುಟಿಯ ಮೇಲ್ಭಾಗ ಬಿಳಿಚಿಕೊಂಡು, ಅವರು ಅಪ್ಪನಂತೆ ನಟಿಸುತ್ತಿರುವ ಬೇರೆ ಯಾರೋ ಎನ್ನಿಸಿತು. ಅಕ್ಕಿಯ ಪಾತ್ರೆ ಅವ್ವನ ಕೈಯಿಂದ ತೊಟ್ಟಿಗೆ ಬಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಮ್ಮ ಕಡೆ ಗಂಡಸರು ಮೀಸೆ ತೆಗೆಯುವುದು ಮನೆಯಲ್ಲಿ ಸಾವಾದಾಗ.

“ಯಾರು ಹೋದ್ರು?” ಎಂದಳು. “ಸುದ್ದಿ ಬಂದದ ಅಲ್ಲಾ? ವಾಸು ಏನು? ಖರೇ ಹೇಳ್ರಿ.”

ಅಪ್ಪನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಕೈ ತಾನಾಗಿ ತುಟಿಗೆ ಹೋಯಿತು. ಅವರು ಅವ್ವನ ಹತ್ತಿರ ಹೋಗಿ, ಇಲ್ಲ, ಯಾರೂ ಹೋಗಿಲ್ಲ, ಯಾವ ಸುದ್ದಿಯೂ ಬಂದಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಹಾಗಾದರೆ ಯಾಕೆ ತೆಗೆದಿರಿ ಎಂದು ಅವಳು ಕೇಳಿದಳು. ಮೀಸೆ ಇದ್ದರೆ ಇಲ್ಲಿಯವರಿಗೆ ನಾನು ಬೇರೆ ಥರ ಕಾಣುತ್ತೇನೆ ಎಂದರು. ಅವ್ವ ನೆಲದ ಮೇಲೆ ಕುಸಿದು ಕೂತು ಅತ್ತಳು. ತಮ್ಮ ಬದುಕಿದ್ದಾನೆಂಬ ಸಮಾಧಾನಕ್ಕೋ ಗಂಡನ ಮುಖಕ್ಕೋ, ಅಂದು ನನಗೆ ತಿಳಿಯಲಿಲ್ಲ. ಅಪ್ಪ ಹೆದರಿದ್ದಾರೆ ಎಂಬುದೊಂದು ಮಾತ್ರ ತಿಳಿಯಿತು. ಅಲ್ಲಿಯವರೆಗೆ ಹೆದರಿಕೆ ಮಕ್ಕಳ ಮತ್ತು ಹೆಂಗಸರ ಕಾಯಿಲೆ ಎಂದುಕೊಂಡಿದ್ದೆ. ಅಪ್ಪನ ಬೋಳು ತುಟಿ ನೋಡಿದ ಮೇಲೆ ನಮ್ಮ ಮನೆಯ ಗೋಡೆಗಳೇ ತೆಳ್ಳಗಾದ ಹಾಗಾಯಿತು.

ಅದೇ ವಾರ ದೀಪಾವಳಿ. ಶುಕ್ರವಾರ ಸಂಜೆ ನೀರು ತುಂಬುವ ಹಬ್ಬ. ಹುಬ್ಬಳ್ಳಿಯಲ್ಲಾದರೆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅದರ ಕೊರಳಿಗೆ ಹೂವು ಸುತ್ತಿ ನೀರು ತುಂಬುತ್ತಾರೆ. ಇಲ್ಲಿ ಅವ್ವ ಅನ್ನ ಮಾಡುವ ದೊಡ್ಡ ಪಾತ್ರೆಯನ್ನೇ ಬೆಳಗಿ, ಕುಂಕುಮ ಹಚ್ಚಿ, ನಲ್ಲಿಯ ಕೆಳಗೆ ಹಿಡಿದಳು. ನೀರು ಬರಲಿಲ್ಲ. ಸಣ್ಣಗೆ ತೊಟ್ಟಿಕ್ಕಿತು. ಬಚ್ಚಲಿಗೆ ಹೋಗಿ ನೋಡಿದರೆ ಅಪ್ಪ ಸ್ನಾನದ ತೊಟ್ಟಿಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಅಂಚಿನ ಮೇಲೆ ಕೂತು ನೀರು ಏರುವುದನ್ನೇ ನೋಡುತ್ತಿದ್ದರು. ಬಾಂಬು ಬಿದ್ದರೆ ಮೊದಲು ನೀರು ನಿಲ್ಲುತ್ತದೆ, ತೊಟ್ಟಿ ತುಂಬಿಸಿಡಿ ಎಂದು ರೇಡಿಯೋದಲ್ಲಿ ಹೇಳಿದ್ದರಂತೆ. ಅವ್ವ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಕುಂಕುಮದ ಬಟ್ಟಲು ತಂದು, ಬಗ್ಗಿ, ಆ ಬಿಳಿಯ ತೊಟ್ಟಿಯ ಅಂಚಿಗೆ ಐದು ಬೊಟ್ಟು ಇಟ್ಟು ಕೈಮುಗಿದಳು. ಕಿಟಕಿಯಾಚೆ ಪೋಲಿಷರ ಮನೆಗಳ ಮೆಟ್ಟಿಲುಗಳ ಮೇಲೆ, ಇಲ್ಲಿಯವರ ದೆವ್ವದ ಹಬ್ಬಕ್ಕೆಂದು ಕಣ್ಣು ಬಾಯಿ ಕೊರೆದ ಕುಂಬಳಕಾಯಿಗಳೊಳಗೆ ಮೇಣದಬತ್ತಿಗಳು ಉರಿಯುತ್ತಿದ್ದವು. ನಾನು ಪರದೆ ಎಳೆದೆ.

ಶನಿವಾರ ಬೆಳಿಗ್ಗೆ ಎಣ್ಣೆಸ್ನಾನವಾಯಿತು. ತೊಟ್ಟಿಯ ನೀರು ಮುಟ್ಟಬಾರದೆಂದು ಅಪ್ಪ ಹೇಳಿದ್ದರಿಂದ ಬಕೆಟ್ಟಿನಲ್ಲೇ. ನನ್ನ ತಲೆ ಇನ್ನೂ ಆರಿರಲಿಲ್ಲ, ರೇಡಿಯೋದಲ್ಲಿ ಮತ್ತೇನೋ ಬಂತು. ಅಪ್ಪ ಎದ್ದು ನಿಂತು, ಹೊರಡೋಣ ಎಂದರು. ಅವರ ದಾವಣಗೆರೆಯ ಗೆಳೆಯ ದೇಸಾಯಿ ಅಂಕಲ್ ಶಿಕಾಗೋದ ಪಶ್ಚಿಮಕ್ಕೆ ವುಡ್‌ರಿಡ್ಜ್ ಎಂಬಲ್ಲಿ ಹೊಸ ಮನೆ ಕೊಂಡಿದ್ದರು. ಸುತ್ತಲೂ ಜೋಳದ ಹೊಲ, ಅಲ್ಲಿ ಬಾಂಬು ಹಾಕಿ ಯಾರಿಗೇನು ಲಾಭ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಅವ್ವ ದೇವರನ್ನು ಸೀರೆಯಲ್ಲಿ ಸುತ್ತಿಕೊಂಡಳು. ಅಪ್ಪ ಕಂಬಳಿ, ಅಕ್ಕಿ, ಆ ಬೀನ್ಸ್ ಡಬ್ಬಿಗಳನ್ನು ಕಾರಿನ ಡಿಕ್ಕಿಗೆ ತುಂಬಿದರು. ಇದೆಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಆಗ ಕೆಳಗಿನ ಮನೆಯ ಬಾಗಿಲು ತೆರೆಯಿತು. ಮಿಸೆಸ್ ಲಿನ್ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಬಂದು ನಿಂತಳು. ಕಾಲಿಗೆ ಚಪ್ಪಲಿಯಿರಲಿಲ್ಲ. ಗಂಡ ಇನ್ನೂ ಬಂದಿರಲಿಲ್ಲ. ಕಾರನ್ನೂ ತುಂಬಿದ ಡಿಕ್ಕಿಯನ್ನೂ ನೋಡಿದಳು. ಅಪ್ಪನ ಕಡೆ ತಿರುಗಿ, ತನ್ನನ್ನೂ ಮಗುವನ್ನೂ ತೋರಿಸಿ, ಜಾಗವಿದೆಯೇ ಎಂಬಂತೆ ಒಂದೇ ಮಾತು ಕೇಳಿದಳು.

“ರೂಮ್?”

ಅಪ್ಪ ಅವ್ವನ ಮುಖ ನೋಡಿದರು. ಅವ್ವ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ.

“ಜಾಗಾ ಇಲ್ಲ ಅಂತ ಹೇಳ್ರಿ.”

ಹಿಂದಿನ ಸೀಟಿನಲ್ಲಿ ನಾನೊಬ್ಬಳೇ ಇದ್ದೆ. ಪಕ್ಕದಲ್ಲಿ ಒಂದು ದಿಂಬು. ಅಪ್ಪ, ಕ್ಷಮಿಸಿ, ಗಾಡಿ ತುಂಬಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ತಲೆಯಾಡಿಸಿದಳು. ಬೇಸರ ತೋರಿಸಲಿಲ್ಲ, ಮತ್ತೆ ಕೇಳಲೂ ಇಲ್ಲ. ಮಗು ನನ್ನನ್ನು ಗುರುತು ಹಿಡಿದು ಕೈಬೀಸಿತು. ಕಾರು ಹೊರಟಿತು.

ಹೆದ್ದಾರಿಯಲ್ಲಿ ಕಂಬಳಿ ಹೇರಿಕೊಂಡು ಹೊರಟ ಕಾರುಗಳು ಇನ್ನೂ ಹಲವು ಇದ್ದವು. ಎಲೆ ಉದುರಿದ ಮರಗಳು, ಕಟಾವಾದ ಹೊಲಗಳು, ಬೂದುಬಣ್ಣದ ಆಕಾಶ. ವಿಮಾನದ ಸದ್ದಾದರೆ ಅಪ್ಪ ಗಾಜಿನ ಮೂಲಕ ಮೇಲೆ ನೋಡುತ್ತಿದ್ದರು, ಕಾರು ಸ್ವಲ್ಪ ಓಲಾಡುತ್ತಿತ್ತು. ನಾನು ಕೊರಳ ತಗಡನ್ನು ಹಲ್ಲಿನಿಂದ ಕಚ್ಚುತ್ತ ಮಲಗಿದ್ದೆ. ಆನ್ ಆರ್ಬರ್ ದಾಟಿತು. ಜಾಕ್ಸನ್ ಊರಿನ ಫಲಕಗಳು ಬಂದು ಹೋದವು. ಅದರಾಚೆ ಎಲ್ಲೋ ಅವ್ವ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದಳು.

“ಗಾಡಿ ತಿರುಗಿಸ್ರಿ.”

“ಯಾಕೆ?”

“ಆಕೀನ ಕರ್ಕೊಂಡು ಬರೂಣು.”

“ಆ ಊರಿಗೆ ಹೆದರಿಕೊಂಡೇ ಬಂದಿದೀವಿ. ಮತ್ತೆ ಅಲ್ಲಿಗೇ ಹೋಗೋದಾ, ಗಿರಿಜಾ? ಹಿಂದೆ ಕೂಸಿದೆ ನಮ್ಮದು.”

“ತಿರುಗಿಸ್ರಿ ಅಂದೆ.”

ಅಪ್ಪ ಇನ್ನೂ ಸ್ವಲ್ಪ ದೂರ ಹಾಗೇ ಓಡಿಸಿದರು. ನಾನು ಎದ್ದು ಕೂತು ಅವರಿಬ್ಬರ ಕುತ್ತಿಗೆಗಳನ್ನೇ ನೋಡುತ್ತಿದ್ದೆ. ತಿರುಗಿಸಬಾರದು ಎಂದು ನನ್ನ ಮೈಯೆಲ್ಲ ಬೇಡಿಕೊಳ್ಳುತ್ತಿತ್ತು. ಮುಂದಿನ ಎಕ್ಸಿಟ್ ಬಂದಾಗ ಅಪ್ಪ ಹೆದ್ದಾರಿಯಿಂದ ಇಳಿದು, ಸೇತುವೆಯ ಮೇಲೆ ಸುತ್ತಿ, ಬಂದ ದಾರಿ ಹಿಡಿದರು. ಈಗ ನಮ್ಮ ಬದಿಯ ರಸ್ತೆ ಬಹುಮಟ್ಟಿಗೆ ಖಾಲಿ. ಎದುರಿನ ಬದಿಯಲ್ಲಿ ಕಾರುಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

ಮನೆ ಮುಟ್ಟಿದಾಗ ಮುಸ್ಸಂಜೆ. ಕೆಳಗಿನ ಮನೆಯಲ್ಲಿ ದೀಪವಿರಲಿಲ್ಲ. ಬೀದಿಗೆ ಮುಖ ಮಾಡಿದ ಕಿಟಕಿಯ ಗಾಜು ಒಡೆದಿತ್ತು, ಚೂರುಗಳು ಮೆಟ್ಟಿಲ ಮೇಲೆ ಬಿದ್ದಿದ್ದವು. ಅವ್ವ ಬಾಗಿಲು ಬಡಿದಳು. ಕೂಗಿದಳು. ಒಳಗಿನಿಂದ ಸದ್ದಿಲ್ಲ. ಎದುರು ಮನೆಯ ಮುದುಕಿ ಬಾಗಿಲು ಸ್ವಲ್ಪವೇ ತೆರೆದು, ಮಧ್ಯಾಹ್ನ ಯಾರೋ ಪುಂಡರು ಬಂದು ಕೆಂಪು ಚೀನಾದವರೇ, ಹೊರಗೆ ಹೋಗಿ ಎಂದು ಕೂಗಿ ಕಲ್ಲೆಸೆದರು, ಆಮೇಲೆ ಅವಳನ್ನು ತಾನು ಕಂಡಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅವ್ವ ನಮ್ಮ ಮನೆಯೊಳಗೆ ಓಡಿದಳು, ಕೋಣೆ ಕೋಣೆ ನೋಡಿದಳು. ಅಲ್ಲೂ ಇಲ್ಲ. ಕೊನೆಗೆ ಅಡುಗೆಮನೆಯಿಂದ ನೆಲಮಾಳಿಗೆಯ ಕತ್ತಲೆಗೆ ಇಳಿಯತೊಡಗಿದಳು. ನಾನು ಅವಳ ಸೆರಗು ಹಿಡಿದಿದ್ದೆ, ಅಪ್ಪ ಟಾರ್ಚು ಹಿಡಿದು ಹಿಂದೆ ಬಂದರು.

ಫರ್ನೇಸಿನ ಹಿಂದೆ, ಪೆಟ್ಟಿಗೆಗಳ ಸಂದಿಯಲ್ಲಿ ಅವಳಿದ್ದಳು. ಒಂದು ಕೈಯಿಂದ ಮಗುವಿನ ಬಾಯಿ ಮುಚ್ಚಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಕಬ್ಬಿಣದ ಸಲಾಕೆ, ನಮ್ಮ ಕಡೆಗೇ ಎತ್ತಿದ್ದು. ಅಪ್ಪ ಟಾರ್ಚನ್ನು ನಮ್ಮ ಮುಖಗಳಿಗೆ ತಿರುಗಿಸಿದರು, ಯಾರೆಂದು ಅವಳಿಗೆ ತಿಳಿಯಲಿ ಎಂದು. ಆದರೂ ಸಲಾಕೆ ಕೆಳಗಿಳಿಯಲಿಲ್ಲ. ಹಣೆಯ ಮೇಲೆ ಗಾಜು ಗೀರಿದ ರಕ್ತ ಒಣಗಿತ್ತು. ಯಾಕೆ ಬಂದಿರಿ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ಅಪ್ಪನನ್ನಲ್ಲ, ಅವ್ವನನ್ನು. ಅವ್ವನಿಗೆ ಇಂಗ್ಲಿಷು ಸಿಗಲಿಲ್ಲ. ತಡವರಿಸಿದಳು. ಕೊನೆಗೆ ಎರಡೂ ಕೈಗಳನ್ನು ಅಗಲಿಸಿ ತೋರಿಸಿದಳು.

“ರೂಮ್ ಅದ. ಜಾಗಾ ಅದ. ಬಾ.”

ಮಿಸೆಸ್ ಲಿನ್ ಬಹಳ ಹೊತ್ತು ಅವಳನ್ನೇ ದಿಟ್ಟಿಸಿದಳು. ಆಮೇಲೆ ಸಲಾಕೆಯನ್ನು ನೆಲಕ್ಕಿಟ್ಟು ಮಗುವಿನ ಬಾಯಿಂದ ಕೈ ತೆಗೆದಳು. ಅದು ಅಷ್ಟು ಹೊತ್ತಿನಿಂದ ಅದುಮಿಟ್ಟಿದ್ದ ಅಳುವನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟಿತು.

ಮತ್ತೆ ಹೊರಡುವ ಮಾತು ಯಾರೂ ಎತ್ತಲಿಲ್ಲ. ಅವ್ವ ಅವಳನ್ನು ಮೇಲೆ ಕರೆತಂದು ಗಾಯಕ್ಕೆ ಅರಿಸಿನ ಹಚ್ಚಿದಳು, ಅನ್ನ ಸಾರು ಬಡಿಸಿದಳು. ಅಪ್ಪ ಒಡೆದ ಕಿಟಕಿಗೆ ರಟ್ಟು ಹೊಡೆದು ಬಂದರು. ದೀಪಾವಳಿಗೆಂದು ಹಚ್ಚಿದ್ದು ಒಂದೇ ಒಂದು ದೀಪ, ಅದೂ ಪರದೆಯ ಹಿಂದೆ, ಬೀದಿಗೆ ಕಾಣದ ಹಾಗೆ. ನಾವೆಲ್ಲರೂ ನಡುವಿನ ಕೋಣೆಯಲ್ಲೇ ಹಾಸಿಕೊಂಡೆವು. ಅಪ್ಪ ರೇಡಿಯೋವನ್ನು ಫ್ರಿಜ್ಜಿನಿಂದ ಇಳಿಸಿ ದಿಂಬಿನ ಪಕ್ಕ ಇಟ್ಟುಕೊಂಡರು. ಮಗು ನನ್ನ ಬೆರಳು ಹಿಡಿದುಕೊಂಡು ನಿದ್ದೆಹೋಯಿತು. ನಾಳೆ ನಾವು ಏಳುತ್ತೇವೆಯೇ ಎಂದು ಯಾರನ್ನು ಕೇಳಬೇಕೆಂದು ತಿಳಿಯದೆ ನಾನೂ ಹಾಗೇ ನಿದ್ದೆಹೋದೆ.

ಭಾನುವಾರ ಬೆಳಿಗ್ಗೆ ರೇಡಿಯೋ ಸುದ್ದಿ ಹೇಳಿತು. ರಷ್ಯಾದವರು ಕ್ಷಿಪಣಿಗಳನ್ನು ವಾಪಸು ಒಯ್ಯಲು ಒಪ್ಪಿದ್ದಾರೆ. ಬೀದಿಯಲ್ಲಿ ಕಾರುಗಳು ಹಾರ್ನ್ ಹಾಕತೊಡಗಿದವು, ಇಗರ್ಜಿಯ ಗಂಟೆ ನಿಲ್ಲದೆ ಹೊಡೆಯಿತು, ನಿನ್ನೆ ಬಾಗಿಲು ಹಾಕಿ ಕೂತಿದ್ದ ಜನ ಮೆಟ್ಟಿಲ ಮೇಲೆ ಬಂದು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅಪ್ಪ ಮುಖ ಮುಚ್ಚಿಕೊಂಡು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಅವ್ವ ಅವರ ಬಳಿ ಹೋಗಿ, ವಾಸುವಿನ ಕಡೆಯದೇನಾದರೂ ಹೇಳಿದರೇ ಎಂದು ಕೇಳಿದಳು. ಇಲ್ಲ ಎಂದು ಅಪ್ಪ ತಲೆಯಾಡಿಸಿದರು. ಊರಿಗೆಲ್ಲ ಮುಗಿದದ್ದು ನಮಗೆ ಮುಗಿಯಲಿಲ್ಲ. ಮುಂದಿನ ತಿಂಗಳು ಆ ಗುಡ್ಡಗಳ ಊರುಗಳು ಒಂದೊಂದಾಗಿ ಬೀಳುತ್ತಿದ್ದ ಸುದ್ದಿಗಳನ್ನು ಅವ್ವ ಪೂಜೆ ಬಿಟ್ಟು ಕೇಳಿದಳು. ರೇಡಿಯೋದ ಸದ್ದು ತಗ್ಗಿಸಿ ಎಂದು ಅವಳು ಅಪ್ಪನಿಗೆ ಮತ್ತೆಂದೂ ಹೇಳಲಿಲ್ಲ. ಹಿಮ ಬೀಳುತ್ತಿದ್ದ ಒಂದು ದಿನ ತಂತಿ ಬಂತು, ವಾಸು ಕಾಣೆಯಾಗಿದ್ದಾನೆ ಎಂದು. ಸೆರೆಯಾಳುಗಳಲ್ಲಿ ಅವನಿದ್ದಾನೆಂದು ತಿಳಿದದ್ದು ಚಳಿಗಾಲ ಕಳೆದ ಮೇಲೆ. ಅವನು ಬದುಕಿ ಬಂದ. ಹಿಮಕ್ಕೆ ಕೊಳೆತ ಕಾಲ್ಬೆರಳುಗಳನ್ನು ಕತ್ತರಿಸಿದ್ದರು. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು, ಮದುವೆಯಾಗಿ, ಮುದುಕನಾಗಿ ಸತ್ತ. ಆ ದಿನಗಳ ಬಗ್ಗೆ ಕೇಳಿದರೆ ಚಳಿ ಬಹಳ ಇತ್ತು ಎನ್ನುತ್ತಿದ್ದ, ಅಷ್ಟೇ.

ಮಿಸೆಸ್ ಲಿನ್ ಆಮೇಲೂ ಮೇಲೆ ಬರುತ್ತಿದ್ದಳು, ಆದರೆ ಮುಂಬಾಗಿಲಿನಿಂದ, ಕರೆದಾಗ ಮಾತ್ರ. ಕುರ್ಚಿಯ ಮೇಲೆ ಕೂರುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಕೆಲವು ವರ್ಷ ಹೊಸವರ್ಷದ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ಅಪ್ಪ ಮತ್ತೆ ಮೀಸೆ ಬಿಟ್ಟರು, ಆದರೆ ಸಣ್ಣದು. ದೇಸಾಯಿ ಅಂಕಲ್ ಕೊಡಿಸಿದ ಕೆಲಸ ಹಿಡಿದು ನಾವು ಶಿಕಾಗೋದ ಕಡೆ ಬಂದೆವು. ಜೋಳದ ಹೊಲಗಳೆಲ್ಲ ಸಾಲುಮನೆಗಳ ಸಬ್‌ಡಿವಿಷನ್‌ಗಳಾದ ಆ ವುಡ್‌ರಿಡ್ಜ್‌ನಲ್ಲೇ ನಾನು ಈಗಲೂ ಇದ್ದೇನೆ. ನನ್ನ ಮೊಮ್ಮಕ್ಕಳಿಗೆ ಈ ಕಥೆ ಹೇಳಿದರೆ, ಹೌ ಸ್ಕೇರಿ, ಅಜ್ಜಿ ಎಂದು ಇಂಗ್ಲಿಷಿನಲ್ಲಿ ಅಂದು, ನಿಮ್ಮ ಅವ್ವ ಎಷ್ಟು ಒಳ್ಳೆಯವಳಾಗಿದ್ದಳು, ಮಿಸೆಸ್ ಲಿನ್‌ಗಾಗಿ ಕಾರು ತಿರುಗಿಸಿದಳು ಎನ್ನುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಮನೆಯಲ್ಲೇ ಇದ್ದಳು. ಕೊನೆಯ ವರ್ಷ, ಒಂದು ಮಧ್ಯಾಹ್ನ, ಅವಳ ತಲೆ ಬಾಚುತ್ತ ನಾನು ಅದೇ ಮಾತು ಆಡಿದೆ: ಅಂದು ನಿನಗೆ ಅವಳ ಮೇಲೆ ಎಷ್ಟು ಕರುಣೆ ಬಂತಲ್ಲ ಅವ್ವ. ಅವಳು ಬಾಚಣಿಗೆ ಹಿಡಿದ ನನ್ನ ಕೈಯನ್ನು ತಡೆದಳು.

“ಕರುಣಾ ಬರ್ಲಿಲ್ಲ ಪದ್ದಿ. ಆಕಿ ಕೂಸು ಎತ್ಕೊಂಡು ಮೆಟ್ಟಲ ಮ್ಯಾಲೆ ನಿಂತಿದ್ಲಲ್ಲ, ಅಂಜಿ ಮಾರಿ ಬೆಳ್ಳಗಾಗಿತ್ತು. ಅದನ್ನ ನೋಡಿ ನಂಗ ಹಗುರ ಆತು. ನನ್ನಂಗ ಈಕೀನೂ ಅಂಜ್ಲಿ ಅನಿಸ್ತು. ಅಷ್ಟು ದಿನದಾಗ ಆವತ್ತೇ ನಾ ಹಗುರಾಗಿ ಕೂತಿದ್ದೆ, ಆ ಗಾಡ್ಯಾಗ. ಜಾಕ್ಸನ್ ದಾಟಿದ ಮ್ಯಾಲೆ ತಿಳೀತು, ಯಾತಕ್ಕ ಹಗುರ ಅನಿಸ್ತದ ಅಂತ.”

ನನ್ನ ಕೈಯನ್ನು ಇನ್ನೂ ಹಿಡಿದೇ ಇದ್ದಳು.

“ಆವತ್ತು ನನಗ ನಾನೇ ಅಂಜಿದಷ್ಟು ಬಾಂಬಿಗೆ ಅಂಜಿರಲಿಲ್ಲ,” ಎಂದಳು.

ಅವಳು ನನ್ನ ಕೈ ಬಿಟ್ಟಳು. ಜಡೆ ಮುಗಿಸು ಎಂದು ತಲೆಯನ್ನು ಮತ್ತೆ ನನ್ನ ಕಡೆಗೆ ವಾಲಿಸಿದಳು.